ಸೊಂಟಕ್ಕೆ ಸಿಕ್ಕಿಸುವಂಥ ಸಣ್ಣ ಟಾರ್ಚು, 1500 ರೂಪಾಯಿಯ ಆಸುಪಾಸಿನಲ್ಲಿ: ಯಾವುದನ್ನು ಕೊಳ್ಳಲಿ?

ಹಳ್ಳದಾಚೆ:

ಎಲ್ಲರಿಗೂ ನಮಸ್ಕಾರ. ಹೊಸನಗರ ತಾಲ್ಲೂಕಿನಲ್ಲಿ ನಮ್ಮದು ಒಂಟಿ ಮನೆ. ಮನೆಗೂ ಡಾಂಬರು ರಸ್ತೆಗೂ ನಡುವೆ ಒಂದು ಹಳ್ಳ. ಎರಡು ಅಡಿಕೆ ಮರ ಹಾಸಿ, ಒಂದು ಪಕ್ಕಕ್ಕೆ ಬಿದಿರು ಕಟ್ಟಿದ ಸಂಕವೇ ದಾರಿ. ಬೆಳಿಗ್ಗೆ ಐದೂವರೆಗೆ ಹಾಲಿನ ಕ್ಯಾನು ಹಿಡಿದು ಡೈರಿಗೆ ಹೊರಡಬೇಕು. ಮಳೆಗಾಲದಲ್ಲಿ ಆ ಹೊತ್ತಿಗೆ ನಮ್ಮ ಕೈ ನಮಗೇ ಕಾಣದಷ್ಟು ಕತ್ತಲೆ. ರಾತ್ರಿ ಗುಡ್ಡದ ಝರಿಯಿಂದ ಮನೆಗೆ ಬರುವ ಅಬ್ಬಿ ನೀರಿನ ಪೈಪಿಗೆ ತರಗೆಲೆ ಕಟ್ಟಿಕೊಂಡರೆ ಗುಡ್ಡ ಹತ್ತಿ ಬಿಡಿಸುವವಳೂ ನಾನೇ. ಮನೆಯವರು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾರೆ, ಅತ್ತೆಗೆ ಎಪ್ಪತ್ತೆರಡು ವರ್ಷ.

ಹೋದ ವರ್ಷ ಆನ್‌ಲೈನಿನಲ್ಲಿ 699 ರೂಪಾಯಿಗೆ ಒಂದು ಟಾರ್ಚು ತರಿಸಿದ್ದೆ. ಪೆಟ್ಟಿಗೆಯ ಮೇಲೆ ಬೆಳಕಿನ ಅಳತೆ 1,00,000 ಲುಮೆನ್ ಎಂದು ಅಚ್ಚಾಗಿತ್ತು. ಮೂತಿ ಎಳೆದರೆ ಬೆಳಕು ಒಟ್ಟಾಗಿ ದೂರ ಹೋಗುತ್ತದೆ, ತಳ್ಳಿದರೆ ಹರಡುತ್ತದೆ. ಮೊದಲ ವಾರ ಬಹಳ ಮೆಚ್ಚಿಕೊಂಡೆ. ಆಷಾಢದ ಮಳೆ ಹಿಡಿದ ಮೇಲೆ ಗಾಜಿನ ಒಳಗೆ ಬೆವರಿನಂತೆ ಹನಿ ಕೂತಿತು. ಅದಕ್ಕಿಂತ ದೊಡ್ಡ ತೊಂದರೆ ಸ್ವಿಚ್ಚಿನದು. ಒತ್ತಿದರೆ ಜೋರು, ಮತ್ತೆ ಒತ್ತಿದರೆ ಮಧ್ಯಮ, ಆಮೇಲೆ ಮಂದ, ಆಮೇಲೆ ಮಿಣುಕು. ಜುಲೈ ತಿಂಗಳ ಒಂದು ಬೆಳಿಗ್ಗೆ ಸಂಕದ ನಡುವೆ ನಿಂತು, ಬೆಳಕು ಸಾಲದೆಂದು ಸ್ವಿಚ್ಚು ಒತ್ತಿದೆ. ಮಿಣುಕು ಶುರುವಾಯಿತು. ಕೆಳಗಿನ ಕೆಂಪು ನೀರು ಒಮ್ಮೆ ಹೆಪ್ಪುಗಟ್ಟಿ ನಿಂತ ಹಾಗೆ, ಮರುಕ್ಷಣ ಇಲ್ಲದ ಹಾಗೆ. ನನ್ನ ಕಾಲು ಎಲ್ಲಿದೆ ಎಂಬುದೇ ತಿಳಿಯಲಿಲ್ಲ. ಬಿದಿರು ಹಿಡಿದು ಅಲ್ಲೇ ಕುಕ್ಕರುಗಾಲಿನಲ್ಲಿ ಕೂತುಬಿಟ್ಟೆ. ಐದು ಲೀಟರ್ ಹಾಲು ಹಳ್ಳದ ಪಾಲಾಯಿತು. ಹಾಲು ಹೋದರೆ ಹೋಗಲಿ, ಆ ಹೆದರಿಕೆ ಇನ್ನೂ ಹೋಗಿಲ್ಲ.

ಈ ಸಲ ಮಳೆ ಬರುವ ಮೊದಲೇ ಸರಿಯಾದದ್ದನ್ನು ಕೊಳ್ಳಬೇಕು. ಸೀರೆಗೆ ಜೇಬಿಲ್ಲ, ಆದ್ದರಿಂದ ಸಣ್ಣದಿರಬೇಕು, ಸೊಂಟಕ್ಕೆ ಸಿಕ್ಕಿಸಲು ಕ್ಲಿಪ್ಪು ಬೇಕು. 1500 ರೂಪಾಯಿ ಇಟ್ಟಿದ್ದೇನೆ, ತೀರಾ ಅಗತ್ಯವಾದರೆ ಇನ್ನೊಂದೈನೂರು ಹೊಂದಿಸಬಲ್ಲೆ. ಚಾರ್ಜ್ ಮಾಡುವುದು ಒಳ್ಳೆಯದೋ, ಸೆಲ್ ಹಾಕುವುದೋ? ನಮ್ಮಲ್ಲಿ ಮರ ಬಿದ್ದು ತಂತಿ ಹರಿದರೆ ಮೂರು ದಿನ ಕರೆಂಟು ಬರುವುದಿಲ್ಲ. ಮೊಬೈಲಿನ ಬೆಳಕು ಸಾಕು ಎಂದು ದಯವಿಟ್ಟು ಹೇಳಬೇಡಿ. ಮಳೆಯಲ್ಲಿ ಅದನ್ನು ಹೊರತೆಗೆಯುವಂತೆಯೇ ಇಲ್ಲ.

ಕಂಬ ಹತ್ತಿದವನು:

ಅಕ್ಕ, ನಾನು ಲೈನ್‌ಮನ್ ಆಗಿ ನಿವೃತ್ತನಾದವನು. ಕೆಲಸಕ್ಕೆ ಸೇರಿದಾಗ ಕೈಯಲ್ಲಿದ್ದದ್ದು ಎರಡು ದಪ್ಪ ಸೆಲ್ಲಿನ ಎವರೆಡಿ ಹಿತ್ತಾಳೆ ಟಾರ್ಚು. ಈಗ ಇಟ್ಟುಕೊಂಡಿರುವುದು ಗಡಿಯಾರಕ್ಕೆ ಹಾಕುವ ಡಬಲ್ ಎ ಸೆಲ್ ಒಂದೇ ಒಂದು ಹಿಡಿಸುವ, ಬೆರಳುದ್ದದ ಅಲ್ಯೂಮಿನಿಯಂ ಟಾರ್ಚು. ಬೆಳಕು ನೂರು ಲುಮೆನ್ ಇದ್ದೀತು. ಎರಡು ಕೈಗೂ ಕೆಲಸವಿದ್ದಾಗ ಹಲ್ಲಿನಲ್ಲಿ ಕಚ್ಚಿ ಹಿಡಿಯಬಹುದು. ಇದರ ದೊಡ್ಡ ಗುಣವೆಂದರೆ ಸೆಲ್ ಯಾವ ಊರಿನ ಕಿರಾಣಿ ಅಂಗಡಿಯಲ್ಲೂ ಸಿಗುತ್ತದೆ. ಮೂರು ದಿನ ಕರೆಂಟಿಲ್ಲದ ಮನೆಗೆ ಅದೇ ಧೈರ್ಯ.

ನೀವು ರೀಚಾರ್ಜ್ ಆಗುವ ನಿಕಲ್ ಮೆಟಲ್ ಹೈಡ್ರೈಡ್ ಸೆಲ್ ನಾಲ್ಕು ಮತ್ತು ಅದರ ಚಾರ್ಜರ್ ಕೊಳ್ಳಿ. ಅಂಗಡಿಯ ಸೆಲ್ ಆಪತ್ತಿಗೆ ಮಾತ್ರ. ಅದನ್ನು ಹಾಕಿ ತಿಂಗಳುಗಟ್ಟಲೆ ಒಳಗೇ ಬಿಡಬೇಡಿ, ಸೋರುತ್ತದೆ. ನನ್ನ ಒಂದು ಒಳ್ಳೆಯ ಟಾರ್ಚು ಹಾಗೆಯೇ ಹಾಳಾಯಿತು. ಸೆಲ್ ಉಬ್ಬಿ ಕೊಳವೆಗೆ ಅಂಟಿ, ಬಡಿದರೂ ಈಚೆಗೆ ಬರಲಿಲ್ಲ.

ಕೊಟ್ಟಿಗೆ ವೈದ್ಯ:

ತಂಗಿ, ನಾನು ಇಪ್ಪತ್ತಾರು ವರ್ಷ ಪಶು ಆಸ್ಪತ್ರೆಯಲ್ಲಿ ಕೆಲಸ ಮಾಡಿದವನು. ಕರು ಹಾಕಲಾಗದೆ ಒದ್ದಾಡುವ ದನ ಹಗಲು ರಾತ್ರಿ ನೋಡುವುದಿಲ್ಲ. ಕರೆ ಬಂದಾಗ ಹೋಗಲೇಬೇಕು, ಹೋದ ಕಡೆ ಕರೆಂಟಿಲ್ಲದ ಕೊಟ್ಟಿಗೆಗಳೇ ಹೆಚ್ಚು. ಹಾಗಾಗಿ ಟಾರ್ಚಿನ ವಿಷಯದಲ್ಲಿ ನನಗೆ ಖಚಿತವಾದ ಅಭಿಪ್ರಾಯವಿದೆ: ಪೆಟ್ಟಿಗೆಯ ಮೇಲಿನ ದೊಡ್ಡ ಅಂಕಿಯನ್ನು ನೋಡಬೇಡಿ. ಮಧ್ಯಮ ಬೆಳಕು ಎಷ್ಟು ಹೊತ್ತು ನಿಲ್ಲುತ್ತದೆ, ಆ ಬೆಳಕಿನ ಬಣ್ಣ ಹೇಗಿದೆ ಎಂದು ಕೇಳಿ.

ಮೊದಲು ಆ ಒಂದು ಲಕ್ಷ ಲುಮೆನ್ ಲೆಕ್ಕ ಹಾಕೋಣ. ಮನೆಯ 9 ವ್ಯಾಟ್ ಎಲ್‌ಇಡಿ ಬಲ್ಬು ಸುಮಾರು 900 ಲುಮೆನ್ ಕೊಡುತ್ತದೆ. ಲಕ್ಷ ಲುಮೆನ್ ಎಂದರೆ ಅಂಥ 110 ಬಲ್ಬು, ಸುಮಾರು 1000 ವ್ಯಾಟ್, ಇಸ್ತ್ರಿ ಪೆಟ್ಟಿಗೆ ಎಳೆಯುವಷ್ಟು ಕರೆಂಟು. ಟಾರ್ಚಿನಲ್ಲಿರುವುದು 18650 ಎಂಬ ಲಿಥಿಯಂ ಸೆಲ್, 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ. ಅದರಲ್ಲಿ ಅತಿ ಒಳ್ಳೆಯದರಲ್ಲೂ ಇರುವುದು 12ರಿಂದ 13 ವ್ಯಾಟ್-ಗಂಟೆ ಶಕ್ತಿ. 1000 ವ್ಯಾಟ್ ಎಳೆದರೆ ಮುಕ್ಕಾಲು ನಿಮಿಷದಲ್ಲಿ ಬರಿದು. ಅದೇ ಸೆಲ್ಲಿನಿಂದ 150 ಲುಮೆನ್ ತೆಗೆದರೆ ಏಳೆಂಟು ಗಂಟೆ ಉರಿಯುತ್ತದೆ. ಸಂಕ ದಾಟಲು, ಕೊಟ್ಟಿಗೆಗೆ, ತೋಟದ ದಾರಿಗೆ 150 ಲುಮೆನ್ ಸಾಕು. ಮೇಲಿನವರು ಹೇಳಿದ ಸಣ್ಣ ರೀಚಾರ್ಜ್ ಸೆಲ್ಲಿನಲ್ಲಿ ಇರುವುದು ಎರಡೂವರೆ-ಮೂರು ವ್ಯಾಟ್-ಗಂಟೆಯಷ್ಟೇ. ಅದು ಎರಡನೆಯ ಟಾರ್ಚಾಗಿ ಒಳ್ಳೆಯದು. ಗುಡ್ಡ ಹತ್ತಿ ಪೈಪು ಬಿಡಿಸುವ ರಾತ್ರಿಗೆ ನಾನಾದರೆ ಅದೊಂದನ್ನೇ ನಂಬುವುದಿಲ್ಲ.

ಇಷ್ಟು ಗಂಟೆ ಉರಿಯುತ್ತದೆ ಎಂದು ಪೆಟ್ಟಿಗೆ ಹೇಳುವುದರಲ್ಲೂ ಒಂದು ಸೂಕ್ಷ್ಮವಿದೆ. ಎಎನ್‌ಎಸ್‌ಐ ಎಫ್‌ಎಲ್1 ಎಂಬ ಅಳತೆಯ ಪ್ರಕಾರ, ಬೆಳಕು ಆರಂಭದಲ್ಲಿದ್ದುದರ ಹತ್ತನೆಯ ಒಂದು ಪಾಲಿಗೆ ಇಳಿಯುವವರೆಗಿನ ಹೊತ್ತನ್ನೆಲ್ಲ ಲೆಕ್ಕಕ್ಕೆ ಹಿಡಿಯುತ್ತಾರೆ. ಸಾವಿರ ಲುಮೆನ್ ಎರಡೇ ನಿಮಿಷ ಇದ್ದು, ಟಾರ್ಚು ಬಿಸಿಯಾಗಿ ಇನ್ನೂರಕ್ಕೆ ಇಳಿದು ಮೂರು ಗಂಟೆ ಎಳೆದರೂ, ಪೆಟ್ಟಿಗೆಯ ಮೇಲೆ ಸಾವಿರ ಲುಮೆನ್ ಮೂರು ಗಂಟೆ ಎಂದೇ ಬರೆಯಬಹುದು. ದೂರದ ಅಂಕಿಯೂ ಹಾಗೆಯೇ. 200 ಮೀಟರ್ ಎಂದರೆ ಅಲ್ಲಿ ಹುಣ್ಣಿಮೆಯ ಬೆಳದಿಂಗಳಿನಷ್ಟು ಬೆಳಕು ಬೀಳುತ್ತದೆ ಎಂದರ್ಥ. ನಿಮಗೆ ಬೇಕಾದದ್ದು ಕಾಲಬುಡ ಮತ್ತು ಮುಂದಿನ ಮೂವತ್ತು ಮೀಟರ್. ಹರಡುವ ಬೆಳಕನ್ನೇ ನೋಡಿ. ಮೂತಿ ಎಳೆಯುವ ಟಾರ್ಚು ಮತ್ತೆ ಬೇಡ, ಜಾರುವ ಆ ಸಂದಿಯಲ್ಲೇ ನೀರು ಹೋಗುವುದು. ಐಪಿಎಕ್ಸ್7 ಎಂದಿದ್ದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ತಾಳಬೇಕು. ಐಪಿಎಕ್ಸ್4 ಬರೀ ಎರಚಲಿಗೆ. ನಮ್ಮ ಮಳೆಗೆ ಮೊದಲನೆಯದೇ ಬೇಕು.

ಇನ್ನು ಬಣ್ಣ. ಇದನ್ನು ಅಂಗಡಿಯವರು ಹೇಳುವುದಿಲ್ಲ. ಉಣ್ಣೆ (ಉಣುಗು) ಕಚ್ಚಿ ಜ್ವರ ಬಂದ ದನದ ಕೆಳರೆಪ್ಪೆಯನ್ನು ಹೆಬ್ಬೆರಳಿನಿಂದ ಮಗುಚಿ ನೋಡುತ್ತೇವೆ. ಗುಲಾಬಿಯಾಗಿದ್ದರೆ ಸಮಾಧಾನ, ಬಿಳಿಚಿದ್ದರೆ ರಕ್ತ ಇಳಿದಿದೆ, ಹಳದಿಯಾಗಿದ್ದರೆ ಕಾಮಾಲೆ. ಒಮ್ಮೆ ರಾತ್ರಿ ಎರಡು ಗಂಟೆಗೆ ನೀಲಿ ಬಿಳುಪಿನ ಅಗ್ಗದ ಟಾರ್ಚು ಹಿಡಿದು ಒಂದು ಜರ್ಸಿ ಹಸುವಿನ ರೆಪ್ಪೆ ನೋಡಿದೆ. ಬೂದಿ ಬಣ್ಣ ಕಂಡಿತು. ರಕ್ತಹೀನತೆ ಎಂದಷ್ಟೇ ತಿಳಿದು ಮದ್ದು ಕೊಟ್ಟು ಬಂದೆ. ಬೆಳಿಗ್ಗೆ ಮತ್ತೆ ಹೋಗಿ ಹೊರಗೆ ಬಿಸಿಲಿಗೆ ಕಟ್ಟಿಸಿ ನೋಡಿದರೆ ರೆಪ್ಪೆ ಅರಿಸಿನ ಹಚ್ಚಿದ ಹಾಗಿದೆ. ಹಸು ಬದುಕಿತು, ಆದರೆ ಒಂದು ರಾತ್ರಿ ತಡವಾಯಿತು. ಅಂದಿನಿಂದ ಸಿಆರ್‌ಐ 90ಕ್ಕೆ ಕಡಿಮೆ ಇರುವ ಟಾರ್ಚನ್ನು ನಾನು ಕೊಂಡಿಲ್ಲ. ಬಣ್ಣಗಳು ಹಗಲಿನಲ್ಲಿ ಇರುವಂತೆಯೇ ಕಾಣುತ್ತವೆಯೇ ಎಂಬುದಕ್ಕೆ ನೂರಕ್ಕೆ ಕೊಡುವ ಅಂಕ ಅದು. ಜೊತೆಗೆ 4000 ಅಥವಾ 5000 ಕೆಲ್ವಿನ್ ಎಂದಿರಲಿ, 6500 ಎಂದರೆ ನೀಲಿ ಛಾಯೆ. ಬಣ್ಣ ನಿಜ ತೋರಿಸುವ ದೀಪ ಅಷ್ಟೇ ಕರೆಂಟಿಗೆ ಸ್ವಲ್ಪ ಕಡಿಮೆ ಬೆಳಕು ಕೊಡುತ್ತದೆ, ಕೊಡಲಿ. ಒಣಗಿದ ಸೋಗೆಯ ಮೇಲೆ ಕೊಳಕುಮಂಡಲ ಮಲಗಿದ್ದರೆ ಕಂದಿನ ಮೇಲೆ ಕಂದು. ಆ ಎರಡು ಕಂದನ್ನು ಬೇರೆ ಮಾಡಿ ತೋರಿಸುವ ದೀಪ ನಿಮ್ಮ ಕೈಯಲ್ಲಿರಬೇಕು.

ನನ್ನ ಬಳಿ ಇರುವುದು ವುರ್ಕೋಸ್ ಎಫ್‌ಸಿ11. 18650 ಸೆಲ್, ಸಿಆರ್‌ಐ 90, ಟೈಪ್-ಸಿ ಚಾರ್ಜಿಂಗ್, ಕ್ಲಿಪ್ಪು, ಬುಡದಲ್ಲಿ ಅಯಸ್ಕಾಂತ. ಕೊಟ್ಟಿಗೆಯ ಕಬ್ಬಿಣದ ಕಂಬಕ್ಕೆ ಅಂಟಿಸಿ ಎರಡು ಕೈಯಲ್ಲೂ ಕೆಲಸ ಮಾಡಬಹುದು. ಮಿಣುಕು ಅದರ ಸಾಮಾನ್ಯ ಸರದಿಯಲ್ಲಿ ಬರುವುದಿಲ್ಲ. ನನಗೆ ಎಲ್ಲ ಸೇರಿ 2300 ಬಿದ್ದಿತು, ನಿಮ್ಮ ಲೆಕ್ಕಕ್ಕಿಂತ ಹೆಚ್ಚು. ಸೋಫಿರ್ನ್, ಕಾನ್ವಾಯ್ ಹೆಸರಿನಲ್ಲೂ ಈ ಬಗೆಯವು ಬರುತ್ತವೆ, ಬೆಲೆ ಹೋಲಿಸಿ ನೋಡಿ. ಯಾವುದನ್ನೇ ಕೊಂಡರೂ ಸೆಲ್ ಹೊರತೆಗೆಯಲು ಬರುವಂತಿರಲಿ. ಒಳಗೇ ಕೂಡಿಸಿದ್ದಾದರೆ ಸೆಲ್ ಸತ್ತ ದಿನ ಟಾರ್ಚೂ ಸತ್ತಿತು.

ರಿಪೇರಿ ಅಂಗಡಿ:

ಡಾಕ್ಟರ್ ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ಸಾಗರದಲ್ಲಿ ನನ್ನದು ಮೊಬೈಲ್ ರಿಪೇರಿ ಅಂಗಡಿ. 18650 ಸೆಲ್ಲಿನ ಮೇಲೆ 9900 ಎಂಎಎಚ್ (ಸೆಲ್ ಎಷ್ಟು ಚಾರ್ಜ್ ಹಿಡಿಸುತ್ತದೆ ಎಂಬ ಅಳತೆ) ಎಂದು ಬರೆದಿದ್ದರೆ ಕೊಳ್ಳಬೇಡಿ. ಆ ಗಾತ್ರದಲ್ಲಿ ಅಷ್ಟು ಶಕ್ತಿ ಹಿಡಿಸುವುದೇ ಇಲ್ಲ, 3500ರ ಆಸುಪಾಸು ಎಂದರೆ ಉತ್ತಮ ಸೆಲ್. ತೂಗಿ ನೋಡಿದರೆ ತಿಳಿಯುತ್ತದೆ. ನಿಜವಾದದ್ದು 45ರಿಂದ 48 ಗ್ರಾಂ ತೂಗುತ್ತದೆ. ಸೆಲ್ಲಿನ ಮೇಲೆ ಐಎಸ್ 16046 ಎಂಬ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತು ಇದೆಯೇ ನೋಡಿ. ಹಳೆಯ ಲ್ಯಾಪ್‌ಟಾಪಿನಿಂದ ಕಿತ್ತ ಸೆಲ್ ಹಾಕಿಸಿಕೊಳ್ಳಬೇಡಿ. ಬಿಡಿ ಸೆಲ್ಲನ್ನು ಬೀಗದ ಕೈ, ಚಿಲ್ಲರೆಯ ಜೊತೆ ಹಾಕಬೇಡಿ, ಎರಡು ತುದಿ ಕೂಡಿಕೊಂಡರೆ ಬೆಂಕಿಯೇ. ಹಿಂದಿನ ಮುಚ್ಚಳದ ರಬ್ಬರ್ ಉಂಗುರಕ್ಕೆ ಮಳೆಗಾಲದ ಮೊದಲು ತುಸು ಸಿಲಿಕೋನ್ ಗ್ರೀಸ್ ಹಚ್ಚಿ. ಕೊಬ್ಬರಿ ಎಣ್ಣೆ ಬೇಡ.

ಹಳ್ಳದಾಚೆ:

ಇಷ್ಟು ಬಿಡಿಸಿ ಹೇಳಿದ್ದಕ್ಕೆ ಎಲ್ಲರಿಗೂ ವಂದನೆಗಳು. ಏಲಕ್ಕಿ ತೂಗುವ ಸಣ್ಣ ತಕ್ಕಡಿ ಮನೆಯಲ್ಲಿತ್ತು. ಹಳೆಯ ಟಾರ್ಚಿನ ಸೆಲ್ ಇಟ್ಟು ನೋಡಿದೆ, 29 ಗ್ರಾಂ! ಮೇಲೆ 9900 ಎಂದೇ ಬರೆದಿದೆ. ಇದನ್ನು ನಂಬಿ ನಾನು ಒಂದು ಮಳೆಗಾಲ ನಡೆದಿದ್ದೇನೆ.

ಡಾಕ್ಟರೇ, ಕರೆಂಟಿಲ್ಲದ ಮೂರು ದಿನಕ್ಕೆ ಏನು ದಾರಿ? ನಮ್ಮ ಗುಡ್ಡದಲ್ಲಿ ಮಂಜೂ ಹೆಚ್ಚು. ಮಂಜಿನಲ್ಲಿ ಟಾರ್ಚು ಬಿಟ್ಟರೆ ಎದುರಿಗೆ ಬಿಳಿ ಗೋಡೆ ಕಟ್ಟಿದಂತಾಗುತ್ತದೆ.

ಕೊಟ್ಟಿಗೆ ವೈದ್ಯ:

ಎರಡು ಸೆಲ್ ಇಟ್ಟುಕೊಳ್ಳಿ, ಮಳೆ ಜೋರಾಗುವ ಸೂಚನೆ ಕಂಡ ದಿನವೇ ಎರಡನ್ನೂ ತುಂಬಿಸಿ. ಟೈಪ್-ಸಿ ಇದ್ದರೆ ಮೊಬೈಲಿನ ಪವರ್ ಬ್ಯಾಂಕಿನಿಂದಲೂ ಚಾರ್ಜ್ ಆಗುತ್ತದೆ. ಚಾರ್ಜ್ ಆದ ಮೇಲೆ ತೂತಿನ ರಬ್ಬರ್ ಬಿರಡೆಯನ್ನು ಬೆರಳಿನಿಂದ ಒತ್ತಿ ಕೂರಿಸಿ, ಅಲ್ಲಿ ಅರ್ಧ ತೆರೆದಿದ್ದರೆ ಐಪಿಎಕ್ಸ್ ಯಾವುದಿದ್ದರೂ ನೀರು ಹೋಗುತ್ತದೆ.

ಮಂಜಿನಲ್ಲಿ ಟಾರ್ಚನ್ನು ಕಣ್ಣಿನ ಮಟ್ಟಕ್ಕೆ ಎತ್ತಬೇಡಿ. ಸೊಂಟಕ್ಕಿಂತ ಕೆಳಗೆ, ಮೊಣಕಾಲಿನ ಹತ್ತಿರ ಹಿಡಿದು, ಬೆಳಕು ಮಂದ ಮಾಡಿ ನೆಲಕ್ಕೆ ಬಿಡಿ. ದೀಪ ಕಣ್ಣಿನ ಪಕ್ಕದಲ್ಲಿದ್ದರೆ ಹನಿಗಳಿಗೆ ತಾಗಿದ ಬೆಳಕೆಲ್ಲ ನೇರ ಕಣ್ಣಿಗೇ ಮರಳುತ್ತದೆ, ಅದೇ ನಿಮ್ಮ ಬಿಳಿ ಗೋಡೆ. ತಲೆಗೆ ಕಟ್ಟುವ ದೀಪ ನಿಮ್ಮ ಗುಡ್ಡಕ್ಕೆ ಬೇಡ ಎನ್ನುವುದೂ ಇದಕ್ಕೇ. ಟಾರ್ಚಿನ ಹಿಂದೆ ದಾರ ಕಟ್ಟಿ ಮಣಿಕಟ್ಟಿಗೆ ಹಾಕಿಕೊಳ್ಳಿ, ಬಿದಿರು ಹಿಡಿಯಲು ಕೈ ಬಿಟ್ಟರೂ ಅದು ಹಳ್ಳಕ್ಕೆ ಬೀಳಬಾರದು.

ಹಳ್ಳದಾಚೆ:

ಇಪ್ಪತ್ತು ದಿನ ಬಿಟ್ಟು ಬರೆಯುತ್ತಿದ್ದೇನೆ. ಮನೆಯವರು ಮುನ್ನೂರು ರೂಪಾಯಿ ಸೇರಿಸಿದರು, 5000 ಕೆಲ್ವಿನ್‌ನ ಎಫ್‌ಸಿ11 ತರಿಸಿದೆವು. ಸೆಲ್ 47 ಗ್ರಾಂ ತೂಗಿತು. ಅತ್ತೆಗೆ ಲೈನ್‌ಮನ್ ಅಣ್ಣ ಹೇಳಿದ ಬೆರಳುದ್ದದ್ದು ಬೇಕಂತೆ, ರಾತ್ರಿ ಬಚ್ಚಲಿಗೆ ಹೋಗಲು. ಮುಂದಿನ ತಿಂಗಳು ಹಾಲಿನ ದುಡ್ಡು ಬಂದಾಗ ಕೊಡಿಸುತ್ತೇನೆ.

ಮೊನ್ನೆ ಮೊದಲ ದೊಡ್ಡ ಮಳೆ. ಬೆಳಿಗ್ಗೆ ಸಂಕದ ತುದಿಯಲ್ಲಿ ನಿಂತು ಮಧ್ಯಮ ಬೆಳಕು ಬಿಟ್ಟೆ. ಅಡಿಕೆ ಮರದ ಮೇಲೆ ನಡುಭಾಗದಲ್ಲಿ ಒಂದು ಮೊಳದಷ್ಟು ಉದ್ದ ಹಸಿರು ಪಾಚಿ ಕಾಣಿಸಿತು. ಹಳೆಯ ಟಾರ್ಚಿನಲ್ಲಿ ಮರವೂ ಪಾಚಿಯೂ ಒಂದೇ ಬೂದಿಯಾಗಿ ಕಾಣುತ್ತಿದ್ದವು. ಹೋದ ವರ್ಷ ನಾನು ಕುಕ್ಕರಿಸಿ ಕೂತದ್ದು ಸರಿಯಾಗಿ ಅಲ್ಲೇ. ಅಂದು ಮಧ್ಯಾಹ್ನ ಕತ್ತಿ ಹಿಡಿದು ಪಾಚಿ ಕೆರೆದು, ಅದರ ಮೇಲೆ ಅಡ್ಡಡ್ಡ ದಬ್ಬೆ ಹೊಡೆಸಿದೆ.