ಕರೆಂಟ್ ಹೋದ್ರೆ ಮನೆ ಸರ್ವರ್ ತಾನಾಗೇ ಆಫ್ ಆಗ್ಬೇಕು, ನೀವೆಲ್ಲ ಏನ್ ಮಾಡ್ಕೊಂಡಿದೀರಾ?

ಶಿವಮೊಗ್ಗದಿಂದ ಪ್ರಶ್ನೆ:
ಮನೇಲಿ ಒಂದು ಎನ್100 ಚಿಪ್ಪಿನ ಮಿನಿ ಪಿಸಿ ಇದೆ, ಅದೇ ನನ್ನ ಸರ್ವರ್, ಎರಡು ದೊಡ್ಡ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಸಿಕ್ಕಿಸಿ ಫೋಟೋಗೆ ಇಮ್ಮಿಚ್, ಫೈಲ್‌ಗೆ ನೆಕ್ಸ್ಟ್‌ಕ್ಲೌಡ್ ಓಡಿಸ್ತಿದೀನಿ, ಎಲ್ಲಾ ಡಾಕರ್‌ನಲ್ಲಿ (ಒಂದೊಂದು ಆ್ಯಪನ್ನೂ ಕಂಟೇನರ್ ಅನ್ನೋ ಬೇರೆ ಬೇರೆ ಡಬ್ಬಿಲಿ ಓಡಿಸೋ ಸಾಫ್ಟ್‌ವೇರ್). ಮಳೆಗಾಲ ಶುರುವಾದ್ರೆ ಕರೆಂಟ್ ಯಾವಾಗ ಹೋಗುತ್ತೆ ಯಾವಾಗ ಬರುತ್ತೆ ಅಂತ ದೇವರಿಗೇ ಗೊತ್ತು. ಮನೆಗೆ ಇನ್ವರ್ಟರ್ ಹಾಕ್ಸಿದೀವಿ. ಅದೇ ಸಾಕಾ ಅಥವಾ ಸರ್ವರ್‌ಗೆ ಅಂತ ಬೇರೆ ಯುಪಿಎಸ್ ಬೇಕಾ? ದಿಢೀರ್ ಅಂತ ಪವರ್ ಹೋಗಿ ಡೇಟಾ ಹಾಳಾಗ್ಬಾರ್ದು, ನಾನು ಊರಲ್ಲಿ ಇಲ್ದಿದ್ರೂ ಅದರಷ್ಟಕ್ಕೆ ಅದು ಸರಿಯಾಗಿ ಆಫ್ ಆಗಿ, ಕರೆಂಟ್ ಬಂದ್ಮೇಲೆ ಅದೇ ಆನ್ ಆಗ್ಬೇಕು. ಮಾಡಿದವರು ಹೇಳಿ ಪ್ಲೀಸ್.

ಬೆಂಗಳೂರಿಂದ:
ಮೊದಲನೇ ಮಾತು, ಎಷ್ಟು ವಿಎ (ಯುಪಿಎಸ್ ಎಷ್ಟು ಲೋಡ್ ತಡೆಯುತ್ತೆ ಅನ್ನೋ ಅಳತೆ) ಅನ್ನೋದಕ್ಕಿಂತ ಮುಂಚೆ ಯುಪಿಎಸ್ ಹಿಂದುಗಡೆ ಡೇಟಾ ಪೋರ್ಟ್ ಇದೆಯಾ ನೋಡಿ. ಅಂಗಡೀಲಿ ಕಂಪ್ಯೂಟರ್‌ಗೆ ಅಂತ ಕೊಡೋ 600 ವಿಎ ಡಬ್ಬದಲ್ಲಿ ಎಷ್ಟೋ ಮಾಡೆಲ್‌ಗೆ ಅದು ಇರೋದೇ ಇಲ್ಲ, ಬೀಪ್ ಬೀಪ್ ಅಂತ ಕೂಗುತ್ತೆ ಅಷ್ಟೇ, ಸರ್ವರ್‌ಗೆ ಕರೆಂಟ್ ಹೋಗಿದೆ ಅಂತ ಹೇಳೋರೇ ಯಾರೂ ಇಲ್ಲ. ಮುಂದೆ ಮೊಬೈಲ್ ಚಾರ್ಜ್ ಮಾಡೋಕೆ ಕೊಟ್ಟಿರೋ ಯುಎಸ್‌ಬಿ ಬೇರೆ, ಡೇಟಾ ಯುಎಸ್‌ಬಿ ಬೇರೆ, ಬಾಕ್ಸ್ ಮೇಲೆ ಯುಎಸ್‌ಬಿ ಅಂತ ಬರೆದಿದ್ದಾರೆ ಅಂತ ತಗೊಂಡು ಬರ್ಬೇಡಿ.

ಪೋರ್ಟ್ ಇದ್ರೆ ಮುಂದಿನ ಕೆಲಸ ಸುಲಭ. ಯುಪಿಎಸ್ ಎಪಿಸಿ ಬ್ರಾಂಡ್ ಆದ್ರೆ ಸರ್ವರ್‌ಗೆ ಎಪಿಸಿಯುಪಿಎಸ್‌ಡಿ ಅನ್ನೋ ಸಾಫ್ಟ್‌ವೇರ್ ಹಾಕಿ, ಬೇರೆ ಬ್ರಾಂಡ್ ಆದ್ರೆ ನೆಟ್‌ವರ್ಕ್ ಯುಪಿಎಸ್ ಟೂಲ್ಸ್, ಎಲ್ಲರೂ ನಟ್ ಅಂತಾರೆ. ನಟ್‌ನಲ್ಲಿ ಸ್ಟೇಟಸ್ ನೋಡಿದ್ರೆ ಕರೆಂಟ್ ಇದ್ದಾಗ ಓಎಲ್, ಬ್ಯಾಟರಿ ಮೇಲಿದ್ದಾಗ ಓಬಿ, ಬ್ಯಾಟರಿ ಮುಗೀತಾ ಬಂದಾಗ ಎಲ್‌ಬಿ ಅಂತ ಬರುತ್ತೆ. ಮಾಮೂಲಿ ಸೆಟ್ಟಿಂಗಲ್ಲಿ ಎಲ್‌ಬಿ ಬಂದ್ಮೇಲೇ ಶಟ್‌ಡೌನ್. ನನ್ನ ಕೇಳಿದ್ರೆ ಅಲ್ಲೀವರೆಗೂ ಕಾಯೋದು ಬೇಡ, ಟೈಮರ್ ಇಡಿ. ನಮ್ಮದು ಅಪಾರ್ಟ್‌ಮೆಂಟ್, ಜನರೇಟರ್ ಎದ್ದು ನಿಲ್ಲೋಕೆ ಅರ್ಧ ನಿಮಿಷ ಆಗುತ್ತೆ, ಅಷ್ಟಕ್ಕೆಲ್ಲ ಸರ್ವರ್ ಆಫ್ ಆಗ್ಬಾರ್ದು, ಅದಕ್ಕೆ 3 ನಿಮಿಷ ಇಟ್ಟಿದೀನಿ, ಅಷ್ಟರೊಳಗೆ ಲೈನ್ ಬಂದ್ರೆ ಟೈಮರ್ ಕ್ಯಾನ್ಸಲ್, ಬರ್ಲಿಲ್ಲ ಅಂದ್ರೆ ಬ್ಯಾಟರಿ 80 ಪರ್ಸೆಂಟ್ ಇದ್ರೂ ಶಟ್‌ಡೌನ್. ಯುಪಿಎಸ್‌ಶೆಡ್ ಅಂತ ನಟ್ ಜೊತೆಗೇ ಬರುತ್ತೆ, ಅದರಲ್ಲೇ ಆಗುತ್ತೆ.

ಇನ್ನೊಂದು, ನಿಮ್ಮ ಎಕ್ಸ್‌ಟರ್ನಲ್ ಡಿಸ್ಕ್‌ಗಳಿಗೆ ಬೇರೆ 12 ವೋಲ್ಟ್ ಅಡಾಪ್ಟರ್ ಇರುತ್ತಲ್ಲ, ಅವೂ ಯುಪಿಎಸ್‌ಗೇ ಹೋಗ್ಬೇಕು. ಪಿಸಿ ಮಾತ್ರ ಯುಪಿಎಸ್‌ನಲ್ಲಿ, ಡಿಸ್ಕ್ ಗೋಡೆ ಪಾಯಿಂಟಲ್ಲಿ ಇದ್ರೆ ಪಿಸಿ ಜೀವಂತ ಇರೋವಾಗ್ಲೇ ಡಿಸ್ಕ್ ಮಾಯ ಆಗುತ್ತೆ, ಅದು ಇನ್ನೂ ಕೆಟ್ಟದು.

ತೀರ್ಥಹಳ್ಳಿ ಕಡೆಯಿಂದ:
ಇನ್ವರ್ಟರ್ ಇದೆ ಅಂದ್ರಲ್ಲ, 150 ಎಎಚ್ ಟ್ಯೂಬುಲರ್ ಬ್ಯಾಟರಿ ಆದ್ರೆ ಮಿನಿ ಪಿಸಿನ ಗಂಟೆಗಟ್ಲೆ ಓಡಿಸುತ್ತೆ, ಬೇರೆ ಯುಪಿಎಸ್‌ಗೆ ದುಡ್ಡು ಯಾಕೆ. ಇನ್ವರ್ಟರ್ ಹಿಂದೆ ಒಂದು ಸ್ವಿಚ್ ಇರುತ್ತೆ ನೋಡಿ, ಯುಪಿಎಸ್ ಮೋಡ್ ಅಂತ, ಅದಕ್ಕೆ ಹಾಕ್ಬೇಕು, ಇಲ್ಲಾಂದ್ರೆ ಲೈನಿಂದ ಬ್ಯಾಟರಿಗೆ ಬದಲಾಗೋ ಗ್ಯಾಪಲ್ಲಿ ಪಿಸಿ ರೀಸ್ಟಾರ್ಟ್ ಆಗೋ ಚಾನ್ಸ್ ಇದೆ.

ಉಳಿದಿರೋ ಸಮಸ್ಯೆ ಒಂದೇ, ಮನೆ ಇನ್ವರ್ಟರ್‌ಗೆ ಸಾಮಾನ್ಯವಾಗಿ ಡೇಟಾ ಪೋರ್ಟ್ ಇರಲ್ಲ, ಕರೆಂಟ್ ಹೋಗಿದ್ದು ಸರ್ವರ್‌ಗೆ ಗೊತ್ತಾಗಲ್ಲ. ನಾನು ಮಾಡ್ಕೊಂಡಿರೋದು ಇಷ್ಟು: ಫ್ರಿಜ್ ಪಾಯಿಂಟ್, ಗೀಸರ್ ಪಾಯಿಂಟ್‌ಗೆಲ್ಲ ಇನ್ವರ್ಟರ್ ಲೈನ್ ಕೊಟ್ಟಿರಲ್ಲ ಅಲ್ವಾ, ಅಂಥ ಒಂದು ಪಾಯಿಂಟ್‌ಗೆ ವೈಫೈ ಸ್ಮಾರ್ಟ್ ಪ್ಲಗ್ ಹಾಕಿದೀನಿ. ರೌಟರ್ ಇನ್ವರ್ಟರ್‌ನಲ್ಲಿ. ಸರ್ವರ್ ನಿಮಿಷಕ್ಕೊಂದ್ಸಲ ಆ ಪ್ಲಗ್‌ನ ಪಿಂಗ್ ಮಾಡುತ್ತೆ (ನೆಟ್‌ವರ್ಕಲ್ಲಿ ಇದೀಯಾ ಅಂತ ಕೇಳುತ್ತೆ), ಸಿಗ್ಲಿಲ್ಲ ಅಂದ್ರೆ ರೌಟರ್‌ನ ಪಿಂಗ್ ಮಾಡುತ್ತೆ. ರೌಟರ್ ಸಿಕ್ಕಿ ಪ್ಲಗ್ ಮಾತ್ರ ಸಿಗ್ತಿಲ್ಲ ಅಂದ್ರೆ ಕರೆಂಟ್ ಹೋಗಿದೆ ಅಂತ ಅರ್ಥ, ಎರಡೂ ಸಿಗ್ಲಿಲ್ಲ ಅಂದ್ರೆ ನೆಟ್‌ವರ್ಕ್ ಕೈಕೊಟ್ಟಿದೆ, ಸುಮ್ನಿರುತ್ತೆ. ಒಂದು ಗಂಟೆ ಹೀಗೇ ಇದ್ರೆ ಶಟ್‌ಡೌನ್. ಚಿಕ್ಕ ಸ್ಕ್ರಿಪ್ಟು, ಕ್ರಾನ್‌ಗೆ (ಹೊತ್ತಿಗೆ ಸರಿಯಾಗಿ ಸ್ಕ್ರಿಪ್ಟ್ ಓಡಿಸೋ ಲಿನಕ್ಸ್ ಟೂಲ್) ಹಾಕಿದ್ರೆ ಆಯ್ತು.

ಮಂಗಳೂರಿನಿಂದ:
ತೀರ್ಥಹಳ್ಳಿಯವರ ಐಡಿಯಾ ಚಂದ ಉಂಟು, ಆದ್ರೆ ಒಂದು ತೂತು ಉಂಟು ಮಾರಾಯ್ರೆ. ಸಂಜೆ ಹೊತ್ತಿಗೆ ವೋಲ್ಟೇಜ್ 150, 160ಕ್ಕೆ ಇಳಿಯುವ ಊರಲ್ಲಿ ಏನಾಗ್ತದೆ ಹೇಳಿ? ಯುಪಿಎಸ್ ಮೋಡಲ್ಲಿರುವ ಇನ್ವರ್ಟರ್ 180ರ ಹತ್ತಿರ ಬಂದ ಕೂಡ್ಲೇ ಲೈನ್ ಬಿಟ್ಟು ಬ್ಯಾಟರಿಗೆ ಹೋಗ್ತದೆ. ಆದ್ರೆ ಸ್ಮಾರ್ಟ್ ಪ್ಲಗ್ 150 ವೋಲ್ಟಲ್ಲೂ ಆರಾಮಾಗಿ ಉರೀತಾ ಇರ್ತದೆ, ಪಿಂಗ್‌ಗೆ ಉತ್ತರ ಕೊಡ್ತದೆ. ಸ್ಕ್ರಿಪ್ಟ್ ಕರೆಂಟ್ ಉಂಟು ಅಂತ ತಿಳ್ಕೊಳ್ತದೆ, ಅತ್ಲಾಗಿ ಬ್ಯಾಟರಿ ಖಾಲಿಯಾಗಿ ಇನ್ವರ್ಟರ್ ಟ್ರಿಪ್, ಸರ್ವರ್ ಧೊಪ್ಪ. ಹಾಗಾಗಿ ವೋಲ್ಟೇಜ್ ಓದುವ ಪ್ಲಗ್ ತಗೊಳ್ಳಿ, ಅಥವಾ ಸೋಲ್ಡರಿಂಗ್ ಎಲ್ಲ ಗೊತ್ತಿದ್ರೆ ಇಎಸ್‌ಪಿ ಬೋರ್ಡಿಗೆ (ವೈಫೈ ಇರುವ ಚಿಕ್ಕ ಕಂಟ್ರೋಲರ್) ವೋಲ್ಟೇಜ್ ಅಳೆಯುವ ಪಿಝೆಡ್‌ಇಎಂ-004ಟಿ ಮಾಡ್ಯೂಲ್ ಹಾಕಿ, 80ರಿಂದ 260 ವೋಲ್ಟ್‌ವರೆಗೆ ಓದ್ತದೆ. 185ಕ್ಕಿಂತ ಕಮ್ಮಿ ಅಂದ್ರೆ ಕರೆಂಟ್ ಇಲ್ಲ ಅಂತಲೇ ಲೆಕ್ಕ ಹಾಕುವುದು. 230 ವೋಲ್ಟ್ ಕೆಲಸ, ಗೊತ್ತಿಲ್ಲದಿದ್ರೆ ಕೈ ಹಾಕ್ಬೇಡಿ, ಎಲೆಕ್ಟ್ರಿಷಿಯನ್ನ ಕರೀರಿ.

ಸಿಡಿಲಿಗೆ ಇದು ಯಾವುದೂ ರಕ್ಷಣೆ ಅಲ್ಲ. ನಮ್ಮಲ್ಲಿ ಗುಡುಗು ಶುರುವಾದ್ರೆ ಪ್ಲಗ್ ಕಿತ್ತಿಡುವುದೇ.

ಹುಬ್ಬಳ್ಳಿಯಿಂದ:
ನಾ ಸಸ್ತಾ ಯುಪಿಎಸ್ ಇಟ್ಕೊಂಡವರ ಕಡೆಯಿಂದ ಹೇಳ್ತೀನಿ. ಡೇಟಾ ಕೇಬಲ್ ಹಚ್ಚಿ ಲಿನಕ್ಸ್‌ದಾಗ ಎಲ್‌ಎಸ್‌ಯುಎಸ್‌ಬಿ ಕಮಾಂಡ್ (ಯುಎಸ್‌ಬಿಗೆ ಏನೇನ್ ಹಚ್ಚೇತಿ ಅಂತ ತೋರಸ್ತೈತಿ) ಕೊಟ್ಟಾಗ ಐಡಿ 0665:5161 ಅಂತ ಬಂದ್ರ ಅದಕ್ಕ ನಟ್‌ನ ಮಾಮೂಲಿ ಯುಎಸ್‌ಬಿ-ಹಿಡ್ ಡ್ರೈವರ್ ನಡ್ಯಂಗಿಲ್ಲ, ನಟ್‌ದಾಗ ಕ್ಯುಎಕ್ಸ್ ಡ್ರೈವರ್ ಅಂತ ಐತಿ, ಅದನ್ನ ಹಾಕ್ರಿ. ಇಂಥ ಯುಪಿಎಸ್ ಬ್ಯಾಟರಿ ಪರ್ಸೆಂಟ್ ತಾನ ಹೇಳಂಗಿಲ್ಲ, ಬರೇ ವೋಲ್ಟೇಜ್ ಹೇಳ್ತೈತಿ, ಡ್ರೈವರ್ ಅದರ ಮ್ಯಾಲ ಅಂದಾಜು ಕಟ್ಟಿ ಪರ್ಸೆಂಟ್ ತೋರಸ್ತೈತಿ. ಲೈನ್ ಇದ್ದಾಗ ಹದಿಮೂರುವರಿ ವೋಲ್ಟ್, ನೂರು ಪರ್ಸೆಂಟ್. ಕರೆಂಟ್ ಹೋಗಿ ಲೋಡ್ ಬಿದ್ದ ಕೂಡ್ಲೇ ಹನ್ನೆರಡೂವರಿಗೆ ಇಳೀತೈತಿ, ಒಂದ ಕ್ಷಣದಾಗ ಅರವತ್ತೋ ಐವತ್ತೋ ಅಂತೈತಿ. ಅಂಜಬ್ಯಾಡ್ರಿ, ಹಂಗ ಅದನ್ನ ನಂಬಲೂಬ್ಯಾಡ್ರಿ. ಬೆಂಗಳೂರಿನವರು ಹೇಳಿದ ಟೈಮರ್‌ನ ಖರೆ.

ಮತ್ತ ಬ್ಯಾಟರಿ. 600 ವಿಎ ಒಳಗ ಸಾಮಾನ್ಯ 12 ವೋಲ್ಟ್ 7 ಎಎಚ್ ಬ್ಯಾಟರಿ ಇರ್ತೈತಿ, ಕಾಗದದ ಮ್ಯಾಲ 84 ವ್ಯಾಟ್-ಅವರ್, ಕೈಗೆ ಸಿಗೂದು ಅದಕ್ಕಿಂತ ಭಾಳ ಕಮ್ಮಿ. ಹೊಸದಿದ್ದಾಗ 30 ವ್ಯಾಟ್ ಲೋಡಿಗೆ ಅರ್ಧ ತಾಸು ಆರಾಮ. ಆದ್ರ ನಮ್ಮ ಕಡೆ ಬ್ಯಾಸಗಿ ಸೆಕಿಗೆ ಎರಡು ಮೂರು ವರ್ಷದಾಗ ಸತ್ತು ಹೋಗ್ತೈತಿ, ಮತ್ತ ಸತ್ತದ್ದು ಕರೆಂಟ್ ಹೋಗೂತನಕ ಗೊತ್ತಾಗಂಗಿಲ್ಲ. ಟಿವಿ ಸ್ಟ್ಯಾಂಡಿನ ಸಂದ್ಯಾಗ ತುರುಕಬ್ಯಾಡ್ರಿ, ಗಾಳಿ ಆಡೂ ಜಾಗಾದಾಗ ಇಡ್ರಿ.

ಮೈಸೂರಿಂದ:
ಹಳೇ ಲ್ಯಾಪ್‌ಟಾಪ್ ಇದ್ರೆ ಅದನ್ನೇ ಸರ್ವರ್ ಮಾಡಿ, ಬ್ಯಾಟರಿ ಒಳಗೇ ಇದೆ, ಕರೆಂಟ್ ಹೋಗಿದ್ದು ಲಿನಕ್ಸ್‌ಗೆ ನೇರವಾಗಿ ಗೊತ್ತಾಗುತ್ತೆ. ಬ್ಯಾಟರಿ ಊದ್ಕೊಂಡಿದ್ರೆ ಮಾತ್ರ ಬೇಡ.

ಶಿವಮೊಗ್ಗದಿಂದ ಮತ್ತೆ:
ಎಲ್ಲರಿಗೂ ಥ್ಯಾಂಕ್ಸ್. ಆಫ್ ಆಗೋದು ಅರ್ಥ ಆಯ್ತು. ಕರೆಂಟ್ ಬಂದ್ಮೇಲೆ ಆನ್ ಆಗೋದು ಹೇಗೆ? ಇನ್ವರ್ಟರ್‌ನಲ್ಲಿದ್ರೆ ಪಿಸಿಗೆ ಕರೆಂಟ್ ಹೋಗೋದೇ ಇಲ್ವಲ್ಲ?

ಬೆಂಗಳೂರಿಂದ:
ಕರೆಕ್ಟ್, ಎಲ್ಲರೂ ಸಿಕ್ಕಾಕ್ಕೊಳ್ಳೋ ಜಾಗ ಇದೇ. ಬಯೋಸ್‌ನಲ್ಲಿ (ಪಿಸಿ ಆನ್ ಆಗೋವಾಗ ಮೊದ್ಲು ತೆಗೆಯೋ ಸೆಟ್ಟಿಂಗ್ ಮೆನು) ಕರೆಂಟ್ ಬಂದ್ರೆ ಆನ್ ಆಗು ಅನ್ನೋ ಸೆಟ್ಟಿಂಗ್ ಇದೆ, ಎನ್100 ಡಬ್ಬಗಳಲ್ಲಿ ಅದು ಹೆಚ್ಚಾಗಿ "ಸ್ಟೇಟ್ ಆಫ್ಟರ್ ಜಿ3" ಅಂತ ಇರುತ್ತೆ, ಅದನ್ನ ಎಸ್0 (ಅಂದ್ರೆ ಆನ್) ಮಾಡಿ. ಆದ್ರೆ ಪಿಸಿಗೆ ಪವರ್ ನಿಜವಾಗಿ ಕಟ್ ಆಗಿ ವಾಪಸ್ ಬಂದ್ರೆ ಮಾತ್ರ ಅದು ಕೆಲಸ ಮಾಡುತ್ತೆ. ಸರ್ವರ್ ಶಟ್‌ಡೌನ್ ಆಗಿದೆ, ಯುಪಿಎಸ್ ಬ್ಯಾಟರಿ ಇನ್ನೂ ಖಾಲಿ ಆಗಿಲ್ಲ, ಅಷ್ಟರಲ್ಲಿ ಲೈನ್ ಬಂತು ಅಂದ್ಕೊಳ್ಳಿ, ಪಿಸಿ ಪ್ರಕಾರ ಏನೂ ಆಗೇ ಇಲ್ಲ, ಆಫ್ ಆಗಿದ್ದು ಆಫ್ ಆಗೇ ಇರುತ್ತೆ. ನೀವು ಊರಿಗೆ ಬಂದು ಬಟನ್ ಒತ್ತೋವರೆಗೂ.

ನಟ್ ಇದಕ್ಕೆ ದಾರಿ ಇಟ್ಟಿದೆ, ಶಟ್‌ಡೌನ್‌ನ ಕೊನೇ ಹಂತದಲ್ಲಿ ಯುಪಿಎಸ್‌ಗೇ "ನೀನೂ ಔಟ್‌ಪುಟ್ ಕಟ್ ಮಾಡು, ಲೈನ್ ಬಂದ್ಮೇಲೆ ಕೊಡು" ಅಂತ ಆರ್ಡರ್ ಹೋಗುತ್ತೆ. ಇದಕ್ಕೆ ಆಫ್‌ಡಿಲೇ, ಆನ್‌ಡಿಲೇ ಅಂತ ಎರಡು ಸೆಟ್ಟಿಂಗ್, ಹಿಡ್ ಡ್ರೈವರ್‌ನಲ್ಲಿ ಡೀಫಾಲ್ಟ್ 20 ಮತ್ತು 30 ಸೆಕೆಂಡ್, ಎರಡನೇದು ಯಾವಾಗ್ಲೂ ಜಾಸ್ತಿ ಇರ್ಬೇಕು. ಎಲ್ಲ ಯುಪಿಎಸ್ಸೂ ಈ ಆರ್ಡರ್ ಕೇಳಲ್ಲ, ತಗೊಂಡ ದಿನವೇ ಟೆಸ್ಟ್ ಮಾಡಿ ನೋಡಿ. ಟೆಸ್ಟ್ ಮಾಡೋವಾಗ ಪ್ಲಗ್ ಕೀಳ್ಬೇಡಿ, ಗೋಡೆ ಸ್ವಿಚ್ ಆಫ್ ಮಾಡಿ, ಅರ್ಥ್ ಕನೆಕ್ಷನ್ ಉಳಿಯುತ್ತೆ. ಔಟ್‌ಪುಟ್‌ಗೆ ಮೊದ್ಲು ಒಂದು ಟೇಬಲ್ ಲ್ಯಾಂಪ್ ಹಾಕಿ, ಯುಪಿಎಸ್ ಡೇಟಾ ಕೇಬಲ್‌ನ ಬೇರೆ ಲ್ಯಾಪ್‌ಟಾಪ್‌ಗೆ ಕೊಟ್ಟು ಆಡಿ, ಡಿಸ್ಕ್‌ಗಳ ಜೊತೆ ಆಟ ಬೇಡ.

ಡಾಕರ್ ಅಂದ್ರಲ್ಲ, ಕಂಟೇನರ್‌ಗೆ ನಿಲ್ಲು ಅಂತ ಹೇಳಿ ಡೀಫಾಲ್ಟ್ ಆಗಿ 10 ಸೆಕೆಂಡ್ ಕಾಯುತ್ತೆ, ಆಮೇಲೆ ಕತ್ತು ಹಿಸುಕೋದೇ. ಇಮ್ಮಿಚ್ ಹಿಂದೆ ಪೋಸ್ಟ್‌ಗ್ರೆಸ್ ಡೇಟಾಬೇಸ್ ಇದೆ, ಡಾಕರ್ ಸೆಟ್ಟಿಂಗ್ ಬರೆಯೋ ಕಂಪೋಸ್ ಫೈಲಲ್ಲಿ ಅದಕ್ಕೆ ಸ್ಟಾಪ್ ಗ್ರೇಸ್ ಪೀರಿಯಡ್ (ನಿಲ್ಲೋಕೆ ಕೊಡೋ ಟೈಮ್) ಒಂದು ನಿಮಿಷ ಕೊಡಿ.

ತೀರ್ಥಹಳ್ಳಿ ಕಡೆಯಿಂದ:
ಮಂಗಳೂರಿನವರು ಹೇಳಿದ್ದು ಸರಿ, ನಮ್ಮಲ್ಲೂ ಲೋ ವೋಲ್ಟೇಜ್ ಇದ್ದೇ ಇದೆ, ವೋಲ್ಟೇಜ್ ಓದೋ ಪ್ಲಗ್ ಹುಡುಕ್ತೀನಿ. ಆನ್ ಮಾಡೋಕೆ ನಂದು ಬೇರೆ ದಾರಿ: ಇನ್ವರ್ಟರ್‌ನಲ್ಲೇ ಇರೋ ರೌಟರ್‌ಗೆ ಓಪನ್‌ಡಬ್ಲ್ಯುಆರ್‌ಟಿ (ನಮ್ಮದೇ ಸ್ಕ್ರಿಪ್ಟ್ ಓಡಿಸೋಕಾಗೋ ರೌಟರ್ ಸಾಫ್ಟ್‌ವೇರ್) ಹಾಕಿದೀನಿ, ಫ್ರಿಜ್ ಪ್ಲಗ್ ವಾಪಸ್ ಪಿಂಗ್‌ಗೆ ಸಿಕ್ಕಿ ಅರ್ಧ ಗಂಟೆ ಆದ್ಮೇಲೆ ರೌಟರ್ರೇ ಸರ್ವರ್‌ಗೆ ವೇಕ್ ಆನ್ ಲ್ಯಾನ್ (ನೆಟ್‌ವರ್ಕ್ ಕೇಬಲ್ ಮೂಲಕ ಆನ್ ಆಗು ಅನ್ನೋ ಸಂದೇಶ) ಕಳ್ಸುತ್ತೆ. ಅರ್ಧ ಗಂಟೆ ಯಾಕೆ ಅಂದ್ರೆ ನಮ್ಮಲ್ಲಿ ಒಂದ್ಸಲ ಬಂದ ಕರೆಂಟ್ ನಿಲ್ಲಲ್ಲ, ಬರುತ್ತೆ ಹೋಗುತ್ತೆ, ಬ್ಯಾಟರಿ ಸ್ವಲ್ಪ ತುಂಬ್ಲಿ ಅಂತ. ಬಯೋಸ್‌ನಲ್ಲಿ ವೇಕ್ ಆನ್ ಲ್ಯಾನ್ ಆನ್ ಮಾಡಿರ್ಬೇಕು, ವೈಫೈ ನಂಬ್ಕೋಬೇಡಿ, ಕೇಬಲ್ಲೇ ಇರ್ಲಿ.

ಹುಬ್ಬಳ್ಳಿಯಿಂದ:
ಯುಪಿಎಸ್ ತಗೊಂಡ್ರ ಬ್ಯಾಟರಿ ಬದ್ಲಿ ಮಾಡೂ ಮುಂದ ಟರ್ಮಿನಲ್ ಅಗಲ ನೋಡ್ಕೋರಿ, 4.8 ಮಿಲಿಮೀಟರ್ ಒಂದ ನಮೂನಿ, 6.35 ಇನ್ನೊಂದ ನಮೂನಿ, ಅದಲು ಬದಲು ಆದ್ರ ಕ್ಲಿಪ್ ಕುಂದ್ರಂಗಿಲ್ಲ. ಹಳೇದನ್ನ ಅಂಗಡಿಯವಗ ವಾಪಸ್ ಕೊಟ್ರ ನೂರೋ ಇನ್ನೂರೋ ಕಡಿಮಿ ಮಾಡ್ತಾನ, ಗುಜರಿಗೆ ಒಗೀಬ್ಯಾಡ್ರಿ.