ಮಡಿಕೇರಿಯಲ್ಲಿ ಅಯಾನುಗೋಳ ಅಳೆಯುವಾಗ ಟಿಇಸಿ ಮೈನಸ್ ಬಂದರೆ

ಪ್ರಶ್ನೆ: ಮಡಿಕೇರಿಯ ಕಾಲೇಜಿನಲ್ಲಿ ಯು-ಬ್ಲಾಕ್ಸ್ ಎಫ್9ಪಿ ಎಂಬ ಜಿಪಿಎಸ್ ರಿಸೀವರ್ ಇಟ್ಟು ಅಯಾನುಗೋಳದ (ವಾತಾವರಣದ ಮೇಲಿನ ವಿದ್ಯುದಾವಿಷ್ಟ ಪದರ) ಟಿಇಸಿ, ಅಂದರೆ ಉಪಗ್ರಹದಿಂದ ಆಂಟೆನಾವರೆಗಿನ ದಾರಿಯ ಒಟ್ಟು ಎಲೆಕ್ಟ್ರಾನ್, ಲೆಕ್ಕ ಹಾಕುತ್ತಿದ್ದೇವೆ. ಬೆಳಗಿನ ಜಾವ ಮೈನಸ್ ಬರುತ್ತಿದೆ. ಬಲ್ಲವರು ತಿಳಿಸಿ.

ಉತ್ತರ: ಎಲೆಕ್ಟ್ರಾನ್ ಮೈನಸ್ ಇರುವುದಿಲ್ಲ ಸರ್, ಬಯಾಸ್, ಅಂದರೆ ಉಪಗ್ರಹ ಮತ್ತು ರಿಸೀವರಿನ ಒಳಗೇ ಎರಡು ಸಿಗ್ನಲ್‌ಗಳ ನಡುವೆ ಆಗುವ ವಿಳಂಬದ ವ್ಯತ್ಯಾಸ, ಸರಿಯಾಗಿ ಕಳೆದಿಲ್ಲ. ಜಿಪಿಎಸ್‌ನ ಎರಡು ಸಿಗ್ನಲ್‌ಗಳಾದ ಎಲ್1 (1575.42 ಮೆಗಾಹರ್ಟ್ಸ್), ಎಲ್2 (1227.60) ಕೋಡ್ ದೂರಗಳ (ಸಿಗ್ನಲ್‌ನಲ್ಲಿರುವ ಸಂಕೇತ ತಲುಪಿದ ಸಮಯದಿಂದ ಅಳೆದ ದೂರ) ವ್ಯತ್ಯಾಸ 1 ಮೀಟರ್ ಇದ್ದರೆ ಸುಮಾರು 9.5 ಟಿಇಸಿ ಯೂನಿಟ್. ರಿಸೀವರ್ ಒಳಗೇ ಎರಡು ಸಿಗ್ನಲ್ 1 ನ್ಯಾನೋಸೆಕೆಂಡ್ ಹಿಂದುಮುಂದಾದರೂ 2.85 ಯೂನಿಟ್ ತಪ್ಪು. ಉಪಗ್ರಹಗಳ ಬಯಾಸ್ ಕಡತದಲ್ಲಿ ಸಿಗುತ್ತದೆ, ಆದರೆ ಐಯೊನೆಕ್ಸ್‌ನಲ್ಲಿರುವುದು (ಟಿಇಸಿ ನಕ್ಷೆಗಳ ಕಡತ) ಪಿ1-ಪಿ2 ಕೋಡಿನದು. ಎಫ್9ಪಿ ಎಲ್2ನಲ್ಲಿ ಹಿಡಿಯುವುದು ಎಲ್2ಸಿ ಎಂಬ ಬೇರೆ ಕೋಡ್. ಬಯಾಸ್-ಸೈನೆಕ್ಸ್ ಎಂಬ ಬಯಾಸ್ ಕಡತದಿಂದ ನಿಮ್ಮ ಕೋಡಿಗೆ ಹೊಂದುವುದನ್ನೇ ತೆಗೆದುಕೊಳ್ಳಿ. ರಿಸೀವರಿನದು ನೀವೇ ಹುಡುಕಬೇಕು: ಬೆಳಗಿನ ಜಾವ ಎಲ್ಲ ಉಪಗ್ರಹಗಳ ಲಂಬ ಟಿಇಸಿ (ಓರೆ ದಾರಿಯದನ್ನು ನೆಟ್ಟಗಿನ ದಾರಿಗೆ ಇಳಿಸಿದ್ದು) ಗೆರೆಗಳು ಹೆಚ್ಚುಕಡಿಮೆ ಒಂದರ ಮೇಲೊಂದು ಕೂರುವ ಬೆಲೆ ಯಾವುದೋ ಅದು. ಬೆಂಗಳೂರಿನ ಐಐಎಸ್‌ಸಿಯಲ್ಲಿರುವ ಐಜಿಎಸ್ (ಅಂತರರಾಷ್ಟ್ರೀಯ ಜಿಎನ್‌ಎಸ್‌ಎಸ್ ಸೇವೆ) ಠಾಣೆ ನೇರ ಅಂತರದಲ್ಲಿ 200 ಕಿ.ಮೀ. ಚಿಲ್ಲರೆ, ಅದರ ದತ್ತಾಂಶದೊಂದಿಗೆ ತಾಳೆ ನೋಡಿ.

ಕೋಡ್ ಒಂದನ್ನೇ ನಂಬಬೇಡಿ, ತುಂಬಾ ಗಲಾಟೆ. ಕ್ಯಾರಿಯರ್ ಫೇಸ್, ಅಂದರೆ ಸಿಗ್ನಲ್‌ನ ಅಲೆಗಳನ್ನೇ ಎಣಿಸಿ ಅಳೆದದ್ದು, ನುಣುಪಾಗಿರುತ್ತದೆ, ಆದರೆ ಶೂನ್ಯ ಎಲ್ಲಿದೆಯೆಂದು ಹೇಳುವುದಿಲ್ಲ. ಪ್ರತಿ ಉಪಗ್ರಹದ ಹಾದಿಯನ್ನು ಸೈಕಲ್ ಸ್ಲಿಪ್ ಆದಲ್ಲಿ (ಅಲೆಗಳ ಎಣಿಕೆ ತಪ್ಪಿದಲ್ಲಿ) ತುಂಡರಿಸಿ, ಪ್ರತಿ ತುಂಡಿನ ಫೇಸನ್ನು ಕೋಡಿನ ಸರಾಸರಿಗೆ ಎತ್ತಿ ಕೂರಿಸಿ.

ಇನ್ನೊಬ್ಬರು: ಆಂಟೆನಾ ಎಲ್ಲಿದೆ? ಸಿಲ್ವರ್ ಓಕ್ ಸಾಲಿನ ಪಕ್ಕದಲ್ಲಿದ್ದರೆ ಮಳೆಗಾಲದಲ್ಲಿ ಒದ್ದೆ ಎಲೆಗಳೇ ಸಿಗ್ನಲ್ ನುಂಗುತ್ತವೆ. ಮಳೆಯಿಂದ ಅಷ್ಟು ತೊಂದರೆಯಿಲ್ಲ. ಕಾಫಿ ಕಣದಂಥ ಬಯಲು ಒಳ್ಳೆಯದು. ಅಡಿಯಲ್ಲಿ ಲೋಹದ ತಟ್ಟೆ ಇಡಿ, ದಿಗಂತದಿಂದ 30 ಡಿಗ್ರಿಗಿಂತ ಕೆಳಗಿನ ಉಪಗ್ರಹ ಬಿಟ್ಟುಬಿಡಿ. ಏರಿಳಿತವೊಂದು ದಿನದಿನವೂ ಸುಮಾರು 4 ನಿಮಿಷ ಮುಂಚೆ ಮರುಕಳಿಸಿದರೆ ಅದು ಗೋಡೆಗೋ ತಗಡಿಗೋ ಬಡಿದು ಬಂದ ಸಿಗ್ನಲ್, ಅಯಾನುಗೋಳವಲ್ಲ. ರಿಸೀವರನ್ನು ತಗಡಿನ ಚಾವಣಿ ಕೆಳಗೆ ಇಡಲೇಬೇಡಿ. ಬಿಸಿಗೆ ಬಯಾಸ್ ಸರಿದು, ಮಧ್ಯಾಹ್ನದ ನಿಜವಾದ ಏರಿಕೆಯ ಹಾಗೆಯೇ ಕಾಣುತ್ತದೆ.

ಮತ್ತೊಬ್ಬರು: ರಿಸೀವರಿನ ಆರ್‌ಎಕ್ಸ್‌ಎಂ-ರಾಎಕ್ಸ್ (ಕಚ್ಚಾ ಅಳತೆ), ಎಸ್‌ಎಫ್‌ಆರ್‌ಬಿಎಕ್ಸ್ (ಉಪಗ್ರಹ ಕಳಿಸುವ ಮಾಹಿತಿ) ಎರಡೂ ಸಂದೇಶ ಆನ್ ಮಾಡಿ, ಆರ್‌ಟಿಕೆಲಿಬ್ ತಂತ್ರಾಂಶದ ಕಾನ್ವ್‌ಬಿನ್‌ನಿಂದ ರೈನೆಕ್ಸ್ ಎಂಬ ಸಾಮಾನ್ಯ ನಮೂನೆಯ ಕಡತ ಮಾಡಿ. ಮಾರ್ಚ್-ಏಪ್ರಿಲ್, ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಸೂರ್ಯ ಮುಳುಗಿದ ಮೇಲೆ ಸ್ಲಿಪ್ ಹೆಚ್ಚಾದರೆ ಕೇಬಲ್ ಬಿಚ್ಚಲು ಹೊರಡಬೇಡಿ. ಕಾಂತೀಯ ಸಮಭಾಜಕ ಹತ್ತಿರವೇ ಇರುವುದರಿಂದ ಪ್ಲಾಸ್ಮಾ ಗುಳ್ಳೆಗಳಿರಬಹುದು (ಅಯಾನುಗೋಳದಲ್ಲಿ ಎಲೆಕ್ಟ್ರಾನ್ ತೀರಾ ಕಡಿಮೆಯಿರುವ ಜಾಗಗಳು). ಇನ್ನೊಂದು: ದಿನದ ಕಡತ ಯುಟಿಸಿ (ಜಾಗತಿಕ ಪ್ರಮಾಣ ಸಮಯ) ಪ್ರಕಾರ ಮುರಿಯುತ್ತದೆ, ಅಂದರೆ ನಮ್ಮ ಬೆಳಗಿನ 5:30ಕ್ಕೆ. ಟಿಇಸಿ ತೀರಾ ಕೆಳಗಿರುವ ಹೊತ್ತೂ ಅದರ ಆಸುಪಾಸೇ. ಬಯಾಸ್ ಹುಡುಕುವ ಮುಂಚೆ ಎರಡು ದಿನದ ಕಡತ ಜೋಡಿಸಿಕೊಳ್ಳಿ.