ಇಮ್ಯುನೊಥೆರಪಿ ನಡೆಯುತ್ತಿರುವಾಗ ಪ್ರೊಬಯಾಟಿಕ್ ಕ್ಯಾಪ್ಸೂಲ್ ಕೊಡಬಹುದೇ?

ಪ್ರಶ್ನೆ:
ನಮ್ಮ ದೊಡ್ಡಪ್ಪನವರಿಗೆ ಶ್ವಾಸಕೋಶದ ಕ್ಯಾನ್ಸರ್ ಇದ್ದು, ಪಿಡಿ-1 ಎಂಬ ಪ್ರೋಟೀನನ್ನು ತಡೆಯುವ ಇಮ್ಯುನೊಥೆರಪಿ (ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ವಿರುದ್ಧ ಬಳಸುವ ಚಿಕಿತ್ಸೆ) ಶುರುವಾಗಿದೆ. ಕರುಳಿನ ಬ್ಯಾಕ್ಟೀರಿಯಾ ಚೆನ್ನಾಗಿದ್ದರೆ ಈ ಔಷಧ ಹೆಚ್ಚು ಫಲ ಕೊಡುತ್ತದೆಂದು ಎಲ್ಲೋ ಓದಿದ ಅಣ್ಣ ಮೆಡಿಕಲ್ ಶಾಪಿನಿಂದ ಪ್ರೊಬಯಾಟಿಕ್, ಅಂದರೆ ‘ಒಳ್ಳೆಯ’ ಬ್ಯಾಕ್ಟೀರಿಯಾ ಇರುವ ಕ್ಯಾಪ್ಸೂಲ್ ತಂದಿದ್ದಾನೆ. ಕರುಳಿನ ಸೂಕ್ಷ್ಮಾಣುಗಳಿಗೂ ಶ್ವಾಸಕೋಶದ ಗಡ್ಡೆಗೂ ನಿಜವಾಗಿ ಸಂಬಂಧವಿದೆಯೇ? ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ 1:
ಸಂಬಂಧವಿದೆ. ಗಡ್ಡೆಯ ಮೇಲೆ ದಾಳಿ ಮಾಡುವ ಟಿ ಕೋಶಗಳೆಂಬ ಪ್ರತಿರಕ್ಷಣಾ ಕೋಶಗಳ ಮೇಲಿರುವ ಪಿಡಿ-1 ಒಂದು ಬ್ರೇಕ್. ಗಡ್ಡೆ ಅದನ್ನು ಒತ್ತಿ ಹಿಡಿದು ತನ್ನ ಮೇಲಿನ ದಾಳಿಯನ್ನು ನಿಲ್ಲಿಸುತ್ತದೆ, ಔಷಧ ಆ ಹಿಡಿತವನ್ನು ಬಿಡಿಸುತ್ತದೆ. ಆದರೆ ಟಿ ಕೋಶಗಳು ಮೊದಲೇ ಸಜ್ಜಾಗಿರದಿದ್ದರೆ ಹಿಡಿತ ಬಿಡಿಸಿದರೂ ಪ್ರಯೋಜನ ಕಡಿಮೆ. ಅವನ್ನು ಸಜ್ಜುಗೊಳಿಸುವ ಡೆಂಡ್ರಿಟಿಕ್ ಕೋಶಗಳನ್ನು ಕರುಳಿನ ಕೆಲವು ಬ್ಯಾಕ್ಟೀರಿಯಾಗಳು ಚುರುಕುಗೊಳಿಸುತ್ತವೆ. 2018ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಫ್ರಾನ್ಸಿನ ಅಧ್ಯಯನವೊಂದರಲ್ಲಿ, ಚಿಕಿತ್ಸೆಗೆ ಸ್ಪಂದಿಸದ ರೋಗಿಗಳ ಮಲವನ್ನು ಇಲಿಗಳ ಕರುಳಿಗೆ ಸೇರಿಸಿದಾಗ ಅವುಗಳಲ್ಲೂ ಔಷಧ ನಾಟಲಿಲ್ಲ. ಆಮೇಲೆ ಅಕ್ಕರ್ಮಾನ್ಸಿಯಾ ಎಂಬ ಬ್ಯಾಕ್ಟೀರಿಯಾವನ್ನು ತಿನ್ನಿಸಿದಾಗ, ಇಂಟರ್‌ಲ್ಯೂಕಿನ್-12 ಎಂಬ ಸಂಕೇತದ ಮೂಲಕ, ಔಷಧ ಮತ್ತೆ ಕೆಲಸ ಮಾಡಿತು.

ಉತ್ತರ 2:
ಮೇಲಿನ ವಿವರಣೆ ಸರಿಯಾಗಿದೆ, ಆದರೆ ಅದನ್ನು ಓದಿ ಕ್ಯಾಪ್ಸೂಲ್ ಕೊಡಲು ಹೊರಡಬೇಡಿ. ಅಂಗಡಿಯ ಕ್ಯಾಪ್ಸೂಲಿನಲ್ಲಿ ಸಾಮಾನ್ಯವಾಗಿ ಇರುವುದು ಅಕ್ಕರ್ಮಾನ್ಸಿಯಾ ಅಲ್ಲ, ಬೇರೆ ಕೆಲವೇ ತಳಿಗಳು. 2021ರಲ್ಲಿ ಅದೇ ಪತ್ರಿಕೆಯಲ್ಲಿ ಪ್ರಕಟವಾದ, ಮೆಲನೋಮಾ ಎಂಬ ಚರ್ಮದ ಕ್ಯಾನ್ಸರ್ ಕುರಿತ ಅಧ್ಯಯನದಲ್ಲಿ, ದಿನಕ್ಕೆ ಕನಿಷ್ಠ 20 ಗ್ರಾಂ ನಾರಿನಂಶ ತಿನ್ನುತ್ತಿದ್ದವರಲ್ಲಿ ರೋಗ ಹೆಚ್ಚು ಕಾಲ ಹತೋಟಿಯಲ್ಲಿತ್ತು. ಪ್ರೊಬಯಾಟಿಕ್ ಸೇವಿಸದೆ ನಾರು ತಿಂದವರಲ್ಲಿ ಈ ಲಾಭ ಎದ್ದು ಕಂಡಿತು. ಪ್ರೊಬಯಾಟಿಕ್ ಕೊಟ್ಟ ಇಲಿಗಳಲ್ಲಂತೂ ಔಷಧದ ಪರಿಣಾಮವೇ ಕುಗ್ಗಿತು. ಇದು ಶ್ವಾಸಕೋಶದ ಕ್ಯಾನ್ಸರಿಗೂ ಹಾಗೆಯೇ ಅನ್ವಯಿಸುತ್ತದೆ ಎನ್ನಲಾಗದು, ಆದರೂ ಎಚ್ಚರಿಕೆಗೆ ಅಷ್ಟು ಸಾಕು. ಹೊಟ್ಟೆಗೆ ಒಗ್ಗಿದರೆ ರಾಗಿ, ಕಾಳು, ಸೊಪ್ಪು ಕೊಡಿ. 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರಿರುತ್ತದೆ.

ಉತ್ತರ 3:
ಎಲ್ಲ ಸೂಕ್ಷ್ಮಾಣುಗಳೂ ನಮ್ಮ ಪರವಾಗಿಲ್ಲವೆಂಬುದನ್ನೂ ಸೇರಿಸುತ್ತೇನೆ. ದೊಡ್ಡ ಕರುಳಿನ ಗಡ್ಡೆಗಳಲ್ಲಿ ಸಿಗುವ ಫ್ಯೂಸೊಬ್ಯಾಕ್ಟೀರಿಯಂ ಎಂಬ ಬ್ಯಾಕ್ಟೀರಿಯಾ, ತನ್ನ ಫ್ಯಾಪ್-2 ಪ್ರೋಟೀನನ್ನು ಪ್ರತಿರಕ್ಷಣಾ ಕೋಶಗಳ ಟಿಜಿಟ್ ಎಂಬ ಗ್ರಾಹಕಕ್ಕೆ ಅಂಟಿಸಿ ಅವುಗಳ ಕೈ ಕಟ್ಟಿಹಾಕುತ್ತದೆ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದಗಳು. ಆಂಟಿಬಯಾಟಿಕ್ ಕೂಡ ಈ ಚಿಕಿತ್ಸೆಗೆ ಅಡ್ಡಿ ಎನ್ನುತ್ತಾರಲ್ಲ, ವೈದ್ಯರು ಬರೆದುಕೊಟ್ಟರೆ ಬೇಡ ಎನ್ನಬೇಕೇ?

ಉತ್ತರ 1:
ಖಂಡಿತ ಬೇಡ ಎನ್ನಬಾರದು. ಚಿಕಿತ್ಸೆಯ ಆಸುಪಾಸಿನಲ್ಲಿ ಆಂಟಿಬಯಾಟಿಕ್ ತೆಗೆದುಕೊಂಡವರಿಗೆ ಲಾಭ ಕಡಿಮೆಯಾಗಿತ್ತೆಂದು ಅದೇ ಫ್ರೆಂಚ್ ಅಧ್ಯಯನ ಹೇಳಿದ್ದು ನಿಜ, ಆದರೆ ಸೋಂಕನ್ನು ಹಾಗೇ ಬಿಟ್ಟರೆ ಜೀವಕ್ಕೇ ಅಪಾಯ. ನೆಗಡಿಗೆಂದು ಅಂಗಡಿಯಲ್ಲಿ ಕೇಳಿ ನುಂಗುವುದನ್ನು ಮಾತ್ರ ನಿಲ್ಲಿಸಿ, ಜ್ವರ ಬಂದ ದಿನವೇ ಕ್ಯಾನ್ಸರ್ ವೈದ್ಯರಿಗೆ ತಿಳಿಸಿ.